ಮುಕ್ತ ತಂತ್ರಾಂಶಕ್ಕೊಂದು ಎಚ್ಚರಿಕೆಯ ಗಂಟೆ

ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸವನ್ನಾರಂಭಿಸಿತೆಂಬುದು ನಮ್ಮ ಜಿಲ್ಲೆಯವರಿಗೆಲ್ಲ ತಿಳಿದ ಸಂಗತಿ. ಕಬ್ಬಿಣದ ಕೆಲಸದಲ್ಲಿ ಒಂದು ನಿಯಮವುಂಟು. ಕುಲುಮೆಯಿಂದ ಹೊರಬಿದ್ದ ಲೋಹದಲ್ಲಿ ಸ್ವಲ್ಪವನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ದೋಷ ಕಂಡುಬಂದರೆ ಆ ಸುದ್ದಿಯು ಕುಲುಮೆಯ ಬಳಿ ನಿಂತವರಿಗೆ ಕೂಡಲೇ ಮುಟ್ಟಬೇಕು. ಅದೇ ಕಬ್ಬಿಣ ಕೊಳವೆಯಾಗಿ ಊರೂರಿಗೆ ಹೋದ ಮೇಲೆ ಮುಟ್ಟಿದರೆ ಏನು ಪ್ರಯೋಜನ?

ಗಣಕಯಂತ್ರದ ತಂತ್ರಾಂಶವನ್ನು ತಯಾರಿಸುವವರೂ ಈ ನಿಯಮವನ್ನೇ ಅನುಸರಿಸುತ್ತಾರೆ. ಅವರ ಏರ್ಪಾಟಿಗೆ ಬಿಲ್ಡ್ ಸೂಚನೆಯೆಂದು ಹೆಸರು. ಕಲಾವಿಭಾಗದ ವಿದ್ಯಾರ್ಥಿಗಳಾದ ನಮಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಾವು ದಿನವೂ ಪರದೆಯ ಮೇಲೆ ಓದುವ ಕನ್ನಡ ಅಕ್ಷರಗಳೇ ಆ ಸಂಬಂಧವನ್ನು ತೋರಿಸಿಕೊಡುತ್ತವೆ.

ಯಾವ ತಂತ್ರಾಂಶದ ಮೂಲಪಾಠವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದೋ ಅದು ಮುಕ್ತ ತಂತ್ರಾಂಶ. ಮನುಷ್ಯರು ಬರೆದ ಈ ಮೂಲಪಾಠವನ್ನು ಯಂತ್ರವು ಬಳಸಬಲ್ಲ ರೂಪಕ್ಕೆ ತರುವ ಕ್ರಿಯೆಯೇ ಬಿಲ್ಡ್. ಅಕ್ಷರಗಳ ಆಕಾರವನ್ನೊದಗಿಸುವ ಫಾಂಟ್ ಕೂಡ ಹೀಗೆಯೇ ತಯಾರಾಗುತ್ತದೆ. ಗುಬ್ಬಿ ಮತ್ತು ನವಿಲು ಎಂಬ ಎರಡು ಕನ್ನಡ ಫಾಂಟುಗಳು 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಮುಕ್ತ ತಂತ್ರಾಂಶದ ಭಂಡಾರದಲ್ಲಿ ಸೇರಿವೆ.

ಕನ್ನಡ ಫಾಂಟಿನಲ್ಲಿ ಬರಿಯ ಚಿತ್ರಗಳಿದ್ದರೆ ಸಾಲದು, ನಿಯಮಗಳೂ ಇರಬೇಕು. 1991ರ ಯೂನಿಕೋಡ್ ಪದ್ಧತಿಯಲ್ಲಿ ಒತ್ತಕ್ಷರಗಳಿಗೆ ಬೇರೆ ಸಂಕೇತಗಳಿಲ್ಲ. 'ರಕ್ತ' ಎಂಬಲ್ಲಿಯ 'ಕ್ತ'ವು ಕಕಾರ, ಹಲಂತ ಚಿಹ್ನೆ, ತಕಾರ ಎಂಬ ಮೂರು ಸಂಕೇತಗಳ ಸಾಲು. ತಕಾರವನ್ನು ಒತ್ತಾಗಿ ಮಾಡಿ ಕೆಳಗೆ ಕೂರಿಸುವುದು ಫಾಂಟಿನ ನಿಯಮ. ಆ ಒಂದು ನಿಯಮ ಕೆಟ್ಟರೆ 'ರಕ್ತ'ವು 'ರಕ್‌ತ'ವಾಗುವುದು. ಇನ್ನೊಂದು ಕೆಟ್ಟರೆ ಅರ್ಕಾವತ್ತು ತನ್ನ ಸ್ಥಳ ಬಿಟ್ಟೀತು.

ಈಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಬ್ಬ ವಿದ್ಯಾರ್ಥಿನಿ, ಭದ್ರಾವತಿಯ ನ್ಯೂಟೌನಿನಲ್ಲಿ ಅವಳ ಸಹಪಾಠಿ, ಪರದೇಶದಲ್ಲಿ ಒಬ್ಬ ಕನ್ನಡಿಗ, ಈ ಮೂವರೂ ಸೇರಿ ಒಂದು ಫಾಂಟನ್ನು ತಿದ್ದುತ್ತಿರುವರೆಂದು ಊಹಿಸೋಣ. ಯಾರಿಗೂ ಸಂಬಳವಿಲ್ಲ, ಮೇಲ್ವಿಚಾರಕನಿಲ್ಲ. ವಿದ್ಯಾರ್ಥಿನಿಯು ಮಕಾರದ ಅಂದವನ್ನು ಹೆಚ್ಚಿಸಲು ಹೋಗಿ ತಿಳಿಯದೆ ತಕಾರದ ಒತ್ತನ್ನು ಕೆಡಿಸಿದಳೆನ್ನಿ. ಮಕಾರವನ್ನಷ್ಟೇ ನೋಡುತ್ತಿರುವ ಅವಳಿಗೆ ಇದು ಕಾಣದು. ತಿಂಗಳ ಮೇಲೆ ಯಾರೋ ಓದುಗರು ದೂರಿತ್ತಾಗ ಅಷ್ಟು ದಿನಗಳ ತಿದ್ದುಪಡಿಗಳನ್ನೆಲ್ಲ ಹುಡುಕಬೇಕಾದೀತು.

ಇದನ್ನು ತಪ್ಪಿಸುವ ಏರ್ಪಾಟು ಹೀಗಿದೆ. ಮೂಲಪಾಠವನ್ನು ಗಿಟ್ ಎಂಬ ಸಾಧನದಿಂದ ಒಂದು ಸಾಮಾನ್ಯ ಉಗ್ರಾಣದಲ್ಲಿಡುತ್ತಾರೆ. ಜೊತೆಗೆ ಅಡಿಗೆಯ ಕ್ರಮದಂತೆ ಒಂದು ಕಡತವನ್ನು ಬರೆದಿಡುತ್ತಾರೆ. ಯಾವಾಗ ಕೆಲಸ ಆರಂಭವಾಗಬೇಕು, ಯಾವ ಬಗೆಯ ಯಂತ್ರದಲ್ಲಿ, ಯಾವ ಆಜ್ಞೆಗಳು ಯಾವ ಕ್ರಮದಲ್ಲಿ ನಡೆಯಬೇಕು ಎಂಬ ಮೂರು ವಿಷಯಗಳು ಅದರಲ್ಲಿರುತ್ತವೆ. ಯಾರಾದರೂ ತಿದ್ದುಪಡಿಯನ್ನು ಒಪ್ಪಿಸಿದೊಡನೆ ದೂರದ ಯಂತ್ರವೊಂದು ತಾನಾಗಿಯೇ ಫಾಂಟನ್ನು ಕಟ್ಟುತ್ತದೆ. ಬಳಿಕ 'ರಕ್ತ', 'ಶಾಸ್ತ್ರ', 'ಅರ್ಕ' ಮುಂತಾದ ಪದಗಳನ್ನು ಜೋಡಿಸಿ, ಮೊದಲೇ ಒಪ್ಪಿದ ರೂಪದೊಡನೆ ಹೋಲಿಸುತ್ತದೆ. ಪ್ರತಿಯೊಂದು ಆಜ್ಞೆಯೂ ಮುಗಿದಾಗ ಒಂದು ಅಂಕೆಯನ್ನು ಬಿಟ್ಟುಹೋಗುವುದು. 0 ಎಂದರೆ ಜಯ. ಬೇರೆ ಯಾವ ಅಂಕೆಯಾದರೂ ಸೋಲು. ಸೂಚನೆಯೆಲ್ಲವೂ ಈ ಅಂಕೆಯನ್ನೇ ಆಧರಿಸಿದೆ.

ಇಂಥ ಕೆಲಸಕ್ಕೆಂದು 2001ರಲ್ಲಿ ಕ್ರೂಸ್‌ಕಂಟ್ರೋಲ್ ಎಂಬ ಸಾಧನ ಬಂದಿತು. ಜಪಾನಿನ ಕೊಹ್ಸುಕೆ ಕವಾಗುಚಿಯವರು ರಚಿಸಿ 2005ರಲ್ಲಿ ಹೊರತಂದ ಹಡ್ಸನ್ನಿನಿಂದ 2011ರಲ್ಲಿ ಜೆಂಕಿನ್ಸ್ ಹುಟ್ಟಿತು. 2019ರಲ್ಲಿ ಗಿಟ್‌ಹಬ್ ಆಕ್ಷನ್ಸ್ ಎಲ್ಲರ ಬಳಕೆಗೂ ದೊರೆಯಿತು. ಆದುದರಿಂದ ಸ್ವಂತ ಯಂತ್ರವನ್ನಿಟ್ಟುಕೊಳ್ಳಲಾರದ ವಿದ್ಯಾರ್ಥಿಗಳಿಗೂ ಇಂದು ಈ ಸೌಕರ್ಯವುಂಟು.

ಗಂಟೆಯನ್ನು ಕಟ್ಟುವುದು ಸುಲಭ. ಅದಕ್ಕೆ ಬೆಲೆ ಬರುವಂತೆ ಕಟ್ಟುವುದೇ ಕಷ್ಟ. ಇಲ್ಲಿ ನಾಲ್ಕು ವಿಚಾರಗಳನ್ನು ಗಮನಿಸತಕ್ಕದ್ದು.

ಮೊದಲನೆಯದಾಗಿ, ಸೂಚನೆಯು ಯಾರಿಗೆ ಹೋಗಬೇಕು? ತಿದ್ದಿದವರಿಗೆ ಮೊದಲು ಹೋಗಬೇಕು. 'ಎಲ್ಲರಿಗೂ' ಎಂದು ಬಂದ ಕಾಗದವನ್ನು ಯಾರೂ ತಮ್ಮದೆಂದು ತಿಳಿಯುವುದಿಲ್ಲ.

ಎರಡನೆಯದಾಗಿ, ಯಾವಾಗ ಹೋಗಬೇಕು? ಪ್ರತಿ ಜಯಕ್ಕೂ ಮಿಂಚಂಚೆ ಬರುತ್ತಿದ್ದರೆ ವಾರದೊಳಗೆ ಅದನ್ನು ತೆರೆಯುವವರಿರುವುದಿಲ್ಲ. ಕೆಟ್ಟಾಗ ಒಮ್ಮೆ, ಸರಿಹೋದಾಗ ಒಮ್ಮೆ ತಿಳಿಸಿದರೆ ಸಾಕು. ದೋಷವಿಲ್ಲದಿದ್ದರೂ ಆಗಾಗ ಸೋಲೆಂದು ಕೂಗುವ ಪರೀಕ್ಷೆಯನ್ನಂತೂ ಮೊದಲು ತಿದ್ದಬೇಕು. 'ತೋಳ ಬಂತು ತೋಳ' ಎಂದು ಕೂಗಿದ ಹುಡುಗನ ಕಥೆ ನಮಗೆಲ್ಲ ಗೊತ್ತಷ್ಟೆ.

ಮೂರನೆಯದಾಗಿ, ಸೂಚನೆಯಲ್ಲಿ ಏನಿರಬೇಕು? 'ಬಿಲ್ಡ್ ಕೆಟ್ಟಿದೆ' ಎಂದರೆ ಭಯವುಂಟಾಗುತ್ತದೆಯೇ ಹೊರತು ಜ್ಞಾನವಲ್ಲ. ಯಾವ ತಿದ್ದುಪಡಿ, ಯಾವ ಹಂತ, ಯಾವ ಪದ, ಪೂರ್ತಿ ವರದಿ ಎಲ್ಲಿದೆ, ಇಷ್ಟನ್ನು ಹೇಳಬೇಕು. ಲಿನಕ್ಸ್‌ನ ತಿರುಳನ್ನು ಪರೀಕ್ಷಿಸುವ ಸ್ವಯಂಚಾಲಿತ ಯಂತ್ರವು ತಿದ್ದಿದವರಿಗೆ ಬರೆಯುವ ಪತ್ರದಲ್ಲಿ ದೋಷವನ್ನು ಪುನಃ ಕಾಣುವ ವಿಧಾನವನ್ನೂ ತಿಳಿಸುತ್ತದೆ. ಇದು ಅನುಕರಣಯೋಗ್ಯವಾದುದು.

ನಾಲ್ಕನೆಯದು, ಗುಟ್ಟಿನ ವಿಚಾರ. ಸಂದೇಶ ಕಳುಹಿಸಲು ಬೇಕಾದ ಗುಪ್ತಪದವನ್ನು ಮೂಲಪಾಠದಲ್ಲಿ ಬರೆಯಕೂಡದು. ಮುಕ್ತ ತಂತ್ರಾಂಶದ ಬಾಗಿಲು ಸರ್ವರಿಗೂ ತೆರೆದಿರುವುದರಿಂದ, ಅಲ್ಲಿ ಬರೆದ ಗುಪ್ತಪದವು ಬೀದಿಯ ಗೋಡೆಯ ಮೇಲೆ ಬರೆದಂತೆ. ಅದಕ್ಕೆಂದೇ ಇರುವ ರಹಸ್ಯಗಳ ಪೆಟ್ಟಿಗೆಯಲ್ಲಿ ಅದನ್ನಿಡಬೇಕು.

ಯಾರೂ ಏನನ್ನೂ ತಿದ್ದದಿದ್ದರೂ, ಫಾಂಟು ಅವಲಂಬಿಸಿದ ಬೇರೆ ತಂತ್ರಾಂಶಗಳು ಬದಲಾಗಿ ಬಿಲ್ಡ್ ಕೆಡುವುದುಂಟು. ಆದುದರಿಂದ ದಿನಕ್ಕೊಮ್ಮೆಯಾದರೂ ಕಟ್ಟಿ ನೋಡುವುದು ಲೇಸು. ಇಂಥ ವೇಳಾಪಟ್ಟಿಯನ್ನು ಸಾಮಾನ್ಯವಾಗಿ ಜಾಗತಿಕ ಕಾಲಮಾನದಲ್ಲಿ ಬರೆಯುತ್ತಾರೆ; ನಮ್ಮ ಗಡಿಯಾರವು ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಅಲ್ಲಿಯ ನಡುರಾತ್ರಿಗೆ ಗೊತ್ತುಮಾಡಿದ ಕೆಲಸ ನಮಗೆ ಬೆಳಗಿನ 5-30ಕ್ಕೆ ಆಗುವುದು.

ಈ ಗಂಟೆಯು ಅಕ್ಷರದ ಅಂದವನ್ನು ಅಳೆಯಲಾರದು, ಪರೀಕ್ಷೆಯಲ್ಲಿ ಸೇರದ ಪದದ ದೋಷವನ್ನೂ ಹಿಡಿಯಲಾರದು. ಆದಕಾರಣ ಯಾವ ಯಾವ ಪದಗಳನ್ನು ಪರೀಕ್ಷಿಸಬೇಕೆಂಬುದನ್ನು ಭಾಷೆ ಬಲ್ಲವರೇ ಹೇಳಬೇಕು. 'ವೈಶಿಷ್ಟ್ಯ', 'ಸ್ವಾತಂತ್ರ್ಯ'ಗಳಂಥ ಎರಡು ಒತ್ತುಗಳ ಪದಗಳನ್ನು, ಹಳಗನ್ನಡದ ಱಕಾರ ೞಕಾರಗಳನ್ನು ನೆನಪಿಟ್ಟು ಪಟ್ಟಿಗೆ ಸೇರಿಸುವ ಕೆಲಸ ಕನ್ನಡವನ್ನು ಓದಿದ ವಿದ್ಯಾರ್ಥಿಗಳಿಂದಲೇ ಆಗಬೇಕಾದುದು. ಮುಕ್ತ ತಂತ್ರಾಂಶದ ಬಾಗಿಲು ತೆರೆದೇ ಇದೆ. ಒಳಹೋಗಲು ಯಂತ್ರಶಾಸ್ತ್ರದ ಪದವಿಯೇ ಬೇಕೆಂಬ ನಿಯಮವಿಲ್ಲ.