ಒಲೆಯಿಂದಿಳಿದ ಮೇಲಿನ ಅಡುಗೆ

ಅಮೆರಿಕದ ಕಪ್ಪುಜನರ ಕುಟುಂಬ ಕೂಟಗಳಲ್ಲಿ ಊಟದ ಮೇಜಿನ ಮುಂದೆ ತಟ್ಟೆ ಹಿಡಿದು ನಿಂತವರು ಕೈ ಚಾಚುವ ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: ‘ಈ ಪೊಟ್ಯಾಟೊ ಸಲಾಡ್ ಮಾಡಿದ್ದು ಯಾರು?’ ದನಿಯಲ್ಲಿ ಅರ್ಧ ತಮಾಷೆ, ಅರ್ಧ ತನಿಖೆ. ನಂಬಿಕಸ್ತ ಅಜ್ಜಿಯದೋ ಚಿಕ್ಕಮ್ಮನದೋ ಹೆಸರು ಬಂದರೆ ಸೌಟು ಆಳಕ್ಕೆ ಇಳಿಯುತ್ತದೆ. ಗೊತ್ತಿಲ್ಲದ ಹೆಸರು ಬಂದರೆ ಪಕ್ಕದ ಪಾತ್ರೆಗೆ ಹೊರಳುತ್ತದೆ. ಹೊಸದಾಗಿ ಮನೆ ಸೇರಿದ ಸೊಸೆಗೆ ಕಾಗದದ ತಟ್ಟೆ, ಐಸು ತರುವ ಕೆಲಸ ಹೇಳಿಯಾರೇ ಹೊರತು ಇದನ್ನು ಒಪ್ಪಿಸಲಾರರು. ಈ ಸಲಾಡಿಗೆ ಒಣದ್ರಾಕ್ಷಿ ಹಾಕಿದವರ ಮೇಲೆ ಹುಟ್ಟಿರುವ ಜೋಕುಗಳಿಗಂತೂ ಲೆಕ್ಕವಿಲ್ಲ. ನಮ್ಮಲ್ಲಿ ಹೋಳಿಗೆಯ ಕಣಕವನ್ನು ಯಾರ ಕೈಯಲ್ಲಿ ಕಲಸಿಸಬೇಕು ಎಂಬ ವಿಷಯದಲ್ಲಿ ಇರುವ ಬಿಗಿಯೇ ಅಲ್ಲಿ ಇದಕ್ಕಿದೆ.

ಬೆಂದ ಆಲೂಗೆಡ್ಡೆಗೆ ಮೇಯೊನೇಸ್ ಕಲಸುವುದಕ್ಕೆ ಇಷ್ಟೊಂದು ಬಿಗುಮಾನವೇಕೆ ಎಂದು ನನಗೂ ಅನ್ನಿಸಿತ್ತು. ಮಾಡಲು ಹೋಗಿ, ಒಮ್ಮೆ ಗೊಜ್ಜು, ಇನ್ನೊಮ್ಮೆ ಎಣ್ಣೆ ಬಸಿಯುವ ಮುದ್ದೆ ಮಾಡಿಕೊಂಡ ಮೇಲೆ ತಿಳಿಯಿತು: ಈ ತಿನಿಸಿನ ಹಣೆಬರಹ ಒಲೆಯ ಮೇಲೆ ನಿರ್ಧಾರವಾಗುವುದು ಕಡಿಮೆ. ಆಲೂಗೆಡ್ಡೆ ಕೆಳಗಿಳಿದು ಆರುವ ಹೊತ್ತಿನಲ್ಲೇ ಹೆಚ್ಚು.

ಮೂಲ ಜರ್ಮನರದು. ಅಲ್ಲಿ ಇಂದಿಗೂ ಕ್ರಿಸ್‌ಮಸ್ ಹಿಂದಿನ ರಾತ್ರಿ ಎಷ್ಟೋ ಮನೆಗಳಲ್ಲಿ ಸಾಸೇಜಿನ ಜೊತೆ ಆಲೂಗೆಡ್ಡೆ ಸಲಾಡೇ ಊಟ. ದಕ್ಷಿಣದವರು ಮಾಂಸದ ಸಾರು, ವಿನೆಗರ್, ಎಣ್ಣೆ ಹಾಕಿ ಬೆಚ್ಚಗೆ ತಿಂದರೆ ಉತ್ತರದವರು ಮೇಯೊನೇಸ್ ಹಾಕಿ ತಣ್ಣಗೆ ತಿನ್ನುತ್ತಾರೆ. 19ನೇ ಶತಮಾನದ ವಲಸಿಗರ ಜೊತೆ ಅದು ಅಮೆರಿಕಕ್ಕೆ ಹೋಯಿತು. 1905ರಲ್ಲಿ ನ್ಯೂಯಾರ್ಕಿನ ಕೊಲಂಬಸ್ ಅವೆನ್ಯೂದಲ್ಲಿ ಅಂಗಡಿ ತೆರೆದ ರಿಚರ್ಡ್ ಹೆಲ್‌ಮನ್ ಕೂಡ ಜರ್ಮನ್ ವಲಸಿಗನೇ. ಕೆಲವೇ ವರ್ಷಗಳಲ್ಲಿ ಆತನ ಮೇಯೊನೇಸ್ ನೀಲಿ ರಿಬ್ಬನ್ನಿನ ಗುರುತು ಹೊತ್ತು ಬಾಟಲಿಯಲ್ಲಿ ಮಾರಾಟಕ್ಕೆ ಬಂತು. ಮನೆಯಲ್ಲಿ ಕಡೆಯುವ ರಟ್ಟೆನೋವು ತಪ್ಪಿತು. ಜುಲೈ 4ರ ಸ್ವಾತಂತ್ರ್ಯ ದಿನ, ಚರ್ಚಿನ ಊಟ, ತಿಥಿಯ ಊಟ, ಎಲ್ಲ ಕಡೆಯೂ ಒಂದು ದೊಡ್ಡ ಬೋಗುಣಿ ಖಾಯಂ ಆಯಿತು. ಆಲೂಗೆಡ್ಡೆ, ಬೇಯಿಸಿದ ಮೊಟ್ಟೆ, ಸೆಲರಿ ದಂಟು, ಈರುಳ್ಳಿ, ಸಿಹಿ ಉಪ್ಪಿನಕಾಯಿ, ಸಾಸಿವೆ ಪೇಸ್ಟು, ಮೇಲೆ ಒಂದಿಷ್ಟು ಕೆಂಪು ಪ್ಯಾಪ್ರಿಕಾ. ದಕ್ಷಿಣದ ರಾಜ್ಯಗಳಲ್ಲಿ ಈ ಸಲಾಡಿಗೆ ಬರುವ ಹಳದಿ ಬಣ್ಣ ಸಾಸಿವೆ ಪೇಸ್ಟಿನ ಕೃಪೆ ಎನ್ನುತ್ತಾರೆ. ನಿಜದಲ್ಲಿ ಅದು ಪೇಸ್ಟಿಗೆ ಬೆರೆಸಿದ ಅರಿಸಿನದ ಕೃಪೆ.

ಮೊದಲ ತೀರ್ಮಾನ ಸಂತೆಯಲ್ಲೇ ಆಗಬೇಕು. ಆಲೂಗೆಡ್ಡೆಗಳಲ್ಲಿ ಹಿಟ್ಟಿನ ಗುಣದವು, ಮೇಣದ ಗುಣದವು ಎಂದು ಎರಡು ಕೊನೆಗಳಿವೆ. ಹಿಟ್ಟಿನವುಗಳಲ್ಲಿ ಪಿಷ್ಟ ಹೆಚ್ಚು. ಬೇಯುವಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ, ಜೀವಕೋಶಗಳು ಒಂದರಿಂದ ಒಂದು ಬಿಡಿಬಿಡಿಯಾಗುತ್ತವೆ, ಹೋಳು ಮುಟ್ಟಿದರೆ ಉದುರುತ್ತದೆ. ಅಮೆರಿಕದಲ್ಲಿ ಇಡಾಹೊ ರಾಜ್ಯದ ರಸೆಟ್ ಈ ಜಾತಿಯದು. ಮೇಣದವುಗಳಲ್ಲಿ ಕೋಶಗಳು ಬೆಂದ ಮೇಲೂ ಅಂಟಿಕೊಂಡೇ ಇರುತ್ತವೆ. ಕೆಂಪು ಸಿಪ್ಪೆಯ ಸಣ್ಣ ಗೆಡ್ಡೆಗಳು ಹೀಗೆ. ಮಸಾಲೆ ದೋಸೆಯ ಪಲ್ಯಕ್ಕೆ ಒಡೆಯುವ ಗೆಡ್ಡೆ ಬೇಕು, ಸಲಾಡಿಗೆ ನಿಲ್ಲುವ ಗೆಡ್ಡೆ. ಹಾಗೆಂದು ತೀರಾ ಮೇಣದ್ದಾದರೆ ಹೋಳುಗಳು ಗೋಲಿಗಳಂತೆ ಒಂದೊಂದೇ ಉರುಳುತ್ತವೆ, ರಸ ಹಿಡಿಯುವುದಿಲ್ಲ. ಕೆನೆಯಂಥ ಹದ ಬರಲು ಹೋಳಿನ ಅಂಚು ತುಸು ಸವೆದು ಮೇಯೊನೇಸಿಗೆ ಸೇರಬೇಕು. ಅಲ್ಲಿನ ಅನೇಕರು ನಡುವಿನ ಗುಣದ ಯೂಕಾನ್ ಗೋಲ್ಡ್ ಆರಿಸುವುದು ಇದಕ್ಕೇ. ಕೆನಡಾದ ಗ್ವೆಲ್ಫ್‌ನಲ್ಲಿ ಬೆಳೆಸಿ 1980ರಲ್ಲಿ ಹೊರಬಿಟ್ಟ ಹಳದಿ ತಿರುಳಿನ ತಳಿ ಅದು.

ನಮ್ಮ ತರಕಾರಿ ಗಾಡಿಯವನಿಗೆ ಗೊತ್ತಿರುವುದು ‘ಹಾಸನದ್ದು’, ‘ಆಗ್ರಾದ್ದು’ ಎಂಬ ಊರಿನ ಹೆಸರಷ್ಟೇ. ಹಾಸನದ ಹೊಲಗಳಲ್ಲಿ ಬಹುಕಾಲದಿಂದ ಇರುವ ಕುಫ್ರಿ ಜ್ಯೋತಿ, 1968ರಲ್ಲಿ ಶಿಮ್ಲಾದ ಕೇಂದ್ರ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ತಳಿ ಎಂಬುದು ಮಾರುವವನಿಗೂ ಕೊಳ್ಳುವವನಿಗೂ ಬೇಕಿಲ್ಲದ ಸಂಗತಿ. ತಳಿ ಗೊತ್ತಿಲ್ಲದಿದ್ದರೂ ಗುಣ ತಿಳಿಯಲು ಒಂದು ಉಪಾಯವಿದೆ. 11 ಲೋಟ ನೀರಿಗೆ 1 ಲೋಟ ಪುಡಿಯುಪ್ಪು ಕರಗಿಸಿ ಗೆಡ್ಡೆಯನ್ನು ಬಿಡಿ. ಪಿಷ್ಟ ನೀರಿಗಿಂತ ಸಾಂದ್ರ. ಹಾಗಾಗಿ ಹಿಟ್ಟಿನ ಗೆಡ್ಡೆ ಮುಳುಗುತ್ತದೆ, ಮೇಣದ್ದು ತೇಲುತ್ತದೆ. ಚಿಪ್ಸ್ ಕಾರ್ಖಾನೆಯವರು ಗೆಡ್ಡೆಯ ಸಾಂದ್ರತೆ ನೀರಿನ 1.08 ಪಟ್ಟಾದರೂ ಇರಲಿ ಎಂದು ಅಳೆದು ಕೊಳ್ಳುವುದೂ ಇದೇ ತತ್ವದ ಮೇಲೆ. ಅವರಿಗೆ ಮುಳುಗುವ ಗೆಡ್ಡೆ ಬೇಕು, ನಮಗೆ ತೇಲುವುದು.

ಬೇಯಿಸುವ ಹಂತದಲ್ಲಿ ಹೇಳಬೇಕಾದದ್ದು ಎರಡೇ ಮಾತು. ಗೆಡ್ಡೆಯನ್ನು ಕುದಿಯುವ ನೀರಿಗೆ ಹಾಕದೆ ತಣ್ಣೀರಿನಲ್ಲಿಟ್ಟು ನಿಧಾನ ಕಾಯಿಸಬೇಕು. ಕೋಶಗಳ ನಡುವಿನ ಗಾರೆ ಎಂದರೆ ಪೆಕ್ಟಿನ್. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗೆಡ್ಡೆಯಲ್ಲೇ ಇರುವ ಒಂದು ಕಿಣ್ವ ಚುರುಕಾಗಿ ಈ ಪೆಕ್ಟಿನ್ನಿನ ರೂಪ ಬದಲಿಸುತ್ತದೆ. ಬದಲಾದ ಎಳೆಗಳನ್ನು ಕ್ಯಾಲ್ಸಿಯಂ ಹಿಡಿದು ಕಟ್ಟುತ್ತದೆ. ಆ ಮೆಟ್ಟಿಲನ್ನು ನಿಧಾನವಾಗಿ ಹತ್ತಿದ ಗೆಡ್ಡೆ ಮುಂದೆ ಕುದಿದರೂ ಸುಲಭಕ್ಕೆ ಕರಗದು. ಇನ್ನೊಂದು ಮಾತು, ನೀರಿಗೆ ಉಪ್ಪಿನ ಜೊತೆ ಒಂದು ಚಮಚ ವಿನೆಗರ್. ಹುಣಸೆಹುಳಿ ಮೊದಲೇ ಬಿದ್ದರೆ ಹೋಳು ಬೇಯುವುದಿಲ್ಲ ಎಂದು ನಮ್ಮ ಅಜ್ಜಿಯಂದಿರು ಗದರುತ್ತಿದ್ದರಲ್ಲ, ಅದು ರಸಾಯನಶಾಸ್ತ್ರದ ಪ್ರಕಾರ ಸರಿ. ಹುಳಿಯ ನೀರಿನಲ್ಲಿ ಪೆಕ್ಟಿನ್ ಒಡೆಯುವುದು ನಿಧಾನ. ಸಾಂಬಾರಿನಲ್ಲಿ ದೋಷವಾದದ್ದು ಇಲ್ಲಿ ಗುಣ. ಚಾಕುವಿನ ತುದಿ ತಡೆಯಿಲ್ಲದೆ ಒಳಹೋಯಿತೆಂದರೆ ನೀರು ಬಸಿಯಬೇಕು. ಕುಕ್ಕರ್ ಬೇಡ, ಒಂದು ಸೀಟಿ ಹೆಚ್ಚಾದರೂ ಪಲ್ಯವೇ ಗತಿ.

ಇನ್ನು ಆರುವ ಹೊತ್ತು.

ಬಸಿದ ಹೋಳುಗಳಿಂದ ಹಬೆ ಏಳುತ್ತಿರುವಾಗ ಮೇಲ್ಮೈ ನೀರು ಕಳೆದುಕೊಳ್ಳುತ್ತಿರುತ್ತದೆ, ಉಬ್ಬಿದ ಪಿಷ್ಟ ಇನ್ನೂ ಸಡಿಲವಾಗಿರುತ್ತದೆ. ಒಂದು ಕಿಲೊ ಗೆಡ್ಡೆಗೆ ಎರಡು ಮೂರು ದೊಡ್ಡ ಚಮಚ ವಿನೆಗರ್, ಉಪ್ಪು, ಬೇಕಾದರೆ ಉಪ್ಪಿನಕಾಯಿಯ ಸಿಹಿಹುಳಿ ರಸವನ್ನು ಈಗ ಚಿಮುಕಿಸಿದರೆ ಹೋಳು ಅದನ್ನು ಕುಡಿಯುತ್ತದೆ. ಅರ್ಧ ಗಂಟೆ ತಡವಾದರೆ ಆಟ ಬೇರೆ. ಪಿಷ್ಟದಲ್ಲಿ ಎರಡು ಬಗೆಯ ಸರಪಣಿಗಳಿವೆ. ನೇರವಾದದ್ದು ಅಮೈಲೋಸ್, ಕವಲೊಡೆದದ್ದು ಅಮೈಲೊಪೆಕ್ಟಿನ್. ಬಿಸಿಯಲ್ಲಿ ಚದುರಿದ್ದ ಅಮೈಲೋಸ್ ಸರಪಣಿಗಳು ತಣಿಯುತ್ತಿದ್ದಂತೆ ಕೆಲವೇ ಗಂಟೆಗಳಲ್ಲಿ ಮತ್ತೆ ಅಕ್ಕಪಕ್ಕ ಹೆಣೆದುಕೊಂಡು ಗಟ್ಟಿಯಾಗುತ್ತವೆ; ಕವಲಿನವು ಅದೇ ಕೆಲಸಕ್ಕೆ ದಿನಗಟ್ಟಲೆ ತೆಗೆದುಕೊಳ್ಳುತ್ತವೆ. ಹೆಣೆದು ಗಟ್ಟಿಯಾದ ಹೋಳಿನ ಮೇಲೆ ಹುಳಿ ಸುರಿದರೆ ಅದು ಹೊರಗೇ ನಿಂತು ತಳ ಸೇರುತ್ತದೆ. ಮೇಯೊನೇಸ್ ಮೊದಲೇ ಬಿದ್ದಿದ್ದರಂತೂ ಎಣ್ಣೆಯ ಹೊದಿಕೆ ದಾಟಿ ಒಳಗೆ ಹೋಗಲು ಉಪ್ಪಿಗೂ ಹುಳಿಗೂ ದಾರಿಯೇ ಇಲ್ಲ. ಹೊರಗೆ ರುಚಿ, ಒಳಗೆ ಸಪ್ಪೆ: ಹೆಸರು ಕೆಟ್ಟ ಸಲಾಡುಗಳ ಸಾಮಾನ್ಯ ಕಾಯಿಲೆ ಇದು.

ಹುಳಿ ಕುಡಿದ ಹೋಳುಗಳನ್ನು ಅಗಲದ ತಟ್ಟೆಯಲ್ಲಿ ಹರಡಿ ಆರಲು ಬಿಡಬೇಕು. ಪುಳಿಯೋಗರೆಗೂ ಚಿತ್ರಾನ್ನಕ್ಕೂ ಅನ್ನವನ್ನು ಹರಿವಾಣದಲ್ಲಿ ಹರಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರಿದ ಅನ್ನದ ಅಗುಳು ಕಲಸಿದರೂ ಮುರಿಯುವುದಿಲ್ಲ, ಬಿಸಿ ಅನ್ನ ಮುದ್ದೆಯಾಗುತ್ತದೆ. ಅಲ್ಲೂ ಅದೇ ಅಮೈಲೋಸಿನ ಹೆಣಿಗೆ. ಮೊಸರನ್ನಕ್ಕೆ ಮಾತ್ರ ನಾವು ಬಿಸಿಯಲ್ಲೇ ಮಸೆಯುತ್ತೇವೆ, ಅಲ್ಲಿ ಬೇಕಾದದ್ದೇ ಮುದ್ದೆ.

ಮೇಯೊನೇಸ್ ಸೇರಬೇಕಾದದ್ದು ಹೋಳು ಪೂರ್ತಿ ಆರಿದ ಮೇಲೆಯೇ. ಕಾರಣ ಅದರ ಕಟ್ಟಡದಲ್ಲಿದೆ. ಮಜ್ಜಿಗೆ ಕಡೆದು ಬೆಣ್ಣೆ ತೆಗೆಯುವಾಗ ನೀರಿನಲ್ಲಿ ಚದುರಿದ ಕೊಬ್ಬಿನ ಹನಿಗಳನ್ನು ಒಗ್ಗೂಡಿಸುತ್ತೇವೆ; ಮೇಯೊನೇಸ್ ಕಡೆಯುವುದು ಅದರ ತಿರುವುಮುರುವು. ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು, ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಮತ್ತು ಪ್ರೋಟೀನುಗಳಿಂದ ಪ್ರತಿ ಹನಿಗೂ ಹೊದಿಕೆ ತೊಡಿಸಿ, ಒಂದರೊಡನೊಂದು ಸೇರದಂತೆ ತಡೆಯುತ್ತೇವೆ. ಅಮೆರಿಕದ ಕಾನೂನಿನ ಪ್ರಕಾರ ಮೇಯೊನೇಸ್ ಎನ್ನಿಸಿಕೊಳ್ಳಲು ತೂಕದಲ್ಲಿ ಕನಿಷ್ಠ ಶೇ 65 ಎಣ್ಣೆ ಇರಬೇಕು. ಮನೆಯಲ್ಲಿ ಕಡೆದದ್ದರಲ್ಲಿ ಶೇ 80ರವರೆಗೂ ಹೋಗುತ್ತದೆ. ಸಮಗಾತ್ರದ ಕಿತ್ತಳೆಗಳನ್ನು ಎಷ್ಟೇ ಒತ್ತಾಗಿ ಪೇರಿಸಿದರೂ ಅವು ಜಾಗದ ಶೇ 74ಕ್ಕಿಂತ ಹೆಚ್ಚು ತುಂಬಲಾರವು. ಅದನ್ನು ಮೀರಿದಾಗ ಎಣ್ಣೆಯ ಹನಿಗಳು ಒಂದನ್ನೊಂದು ಅದುಮಿ ಚಪ್ಪಟೆಯಾಗುತ್ತವೆ, ಜಾರಲು ಜಾಗವಿರುವುದಿಲ್ಲ. ಎರಡು ದ್ರವ ಸೇರಿ ಚಮಚದಲ್ಲಿ ನಿಲ್ಲುವ ಗಟ್ಟಿ ಪದಾರ್ಥವಾಗುವುದು ಹೀಗೆ. ಕಡೆಯುವಾಗ ಒಡೆಯಿತೆಂದು ಇನ್ನೊಂದು ಹಳದಿ ಹಾಕುವವರುಂಟು. ಎಷ್ಟೋ ಸಲ ಕೊರತೆಯಿರುವುದು ಹಳದಿಯದಲ್ಲ, ನೀರಿನದು. ಹನಿಗಳ ನಡುವೆ ಹರಡಲು ಒಂದು ಚಮಚ ನೀರು ಕೊಟ್ಟರೆ ದಾರಿಗೆ ಬಂದೀತು.

ಇಂಥ ಇಕ್ಕಟ್ಟಿನ ಕಟ್ಟಡವನ್ನು ಸುಡುವ ಆಲೂಗೆಡ್ಡೆಯ ಮೇಲೆ ಸುರಿದರೆ ಅದು ಸಡಿಲಗೊಂಡು ಹನಿಗಳು ಕೂಡಿಕೊಂಡು ಎಣ್ಣೆ ಹೊರಬೀಳುತ್ತದೆ. ನನ್ನ ಎರಡನೆಯ ಸಲಾಡು ಸತ್ತದ್ದು ಹೀಗೆ. ತಣ್ಣಗಾದ ಹೋಳಿನ ಮೇಲೂ ಅದಕ್ಕೊಬ್ಬ ಶತ್ರುವಿದ್ದಾನೆ, ಅದು ನೀರು. ಸೆಲರಿ, ಈರುಳ್ಳಿ, ಉಪ್ಪಿನಕಾಯಿ ಎಲ್ಲವೂ ನೀರು ತುಂಬಿದ ಚೀಲಗಳು. ಉಪ್ಪು ತಾಕಿತೆಂದರೆ ಕೋಶದ ನೀರು ಹೊರಗೆ ಬರುತ್ತದೆ, ಸೌತೆಕಾಯಿ ಕೋಸಂಬರಿ ಅರ್ಧ ಗಂಟೆಯಲ್ಲಿ ನೀರಾಗುವಂತೆ. ಆದ್ದರಿಂದ ಉಪ್ಪೆಲ್ಲ ಆಲೂಗೆಡ್ಡೆಗೆ ಹೋಗಲಿ. ಹೆಚ್ಚಿದ ಈರುಳ್ಳಿಯನ್ನು ತಣ್ಣೀರಿನಲ್ಲಿ ತೊಳೆದು, ಗಂಧಕದ ಘಾಟು ಇಳಿಸಿ, ಹಿಂಡಿ ಹಾಕಬೇಕು. ಮೊಟ್ಟೆ ಹೆಚ್ಚು ಹೊತ್ತು ಬೆಂದರೆ ಬಿಳಿಯ ಗಂಧಕವೂ ಹಳದಿಯ ಕಬ್ಬಿಣವೂ ಸೇರಿ ಅಂಚಿನಲ್ಲಿ ಹಸಿರುಬೂದು ಉಂಗುರ ಮೂಡುತ್ತದೆ. ತಿಂದರೆ ಅಪಾಯವೇನಿಲ್ಲ, ಆದರೆ ಕೂಟದಲ್ಲಿ ಅದನ್ನು ಗಮನಿಸುವ ಅತ್ತೆಯೊಬ್ಬರು ಇದ್ದೇ ಇರುತ್ತಾರೆ. ತಣ್ಣಗಿನ ತಿನಿಸು ನಾಲಗೆಗೆ ಮಂಕಾಗಿ ಮುಟ್ಟುವುದರಿಂದ, ಕಲಸುವಾಗ ಉಪ್ಪುಹುಳಿ ಒಂದು ಕೂದಲೆಳೆ ಹೆಚ್ಚೆನಿಸಿದರೆ ಮರುದಿನ ಸರಿಯಾಗಿರುತ್ತದೆ.

‘ಮಾಡಿದ್ದು ಯಾರು’ ಎಂಬ ಪ್ರಶ್ನೆಗೆ ರುಚಿಯಾಚೆಗೂ ಅರ್ಥವಿದೆ. ಬೇಸಗೆ ಕೂಟದಲ್ಲಿ ಹೊಟ್ಟೆ ಕೆಟ್ಟಾಗ ಮೇಯೊನೇಸಿನ ಕಡೆ ಬೆರಳು ತೋರಿಸುವುದು ಅಮೆರಿಕದಲ್ಲಿ ಹಳೆಯ ರೂಢಿ. ಅಂಗಡಿಯ ಬಾಟಲಿಯ ಮಟ್ಟಿಗೆ ಇದು ಅನ್ಯಾಯ. ಅದರ ಪಿಎಚ್ ಸುಮಾರು 4ರಷ್ಟು, ಬಳಸುವುದು ಪಾಶ್ಚರೀಕರಿಸಿದ ಮೊಟ್ಟೆ. ರೋಗಾಣುಗಳಿಗೆ ಅದು ಹಿತವಾದ ಮನೆಯಲ್ಲ. ಮನೆಯಲ್ಲಿ ಹಸಿಮೊಟ್ಟೆಯಿಂದ ಕಡೆದದ್ದರ ಕಥೆ ಬೇರೆ, ಸಾಲ್ಮೊನೆಲ್ಲಾದ ಭಯ ಅಲ್ಲಿ ನಿಜ. ನಮ್ಮ ನೆರೆಯ ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿಮೊಟ್ಟೆಯ ಮೇಯೊನೇಸನ್ನು ಒಂದು ವರ್ಷ ನಿಷೇಧಿಸಿದ್ದು ಇದೇ ಕಾರಣಕ್ಕೆ. ಬಾಟಲಿಯ ಮೇಯೊನೇಸ್ ಹಾಕಿದಾಗಲೂ ಸಂಶಯ ಪಡಬೇಕಾದವರು ಇಬ್ಬರಿದ್ದಾರೆ: ಸಿಪ್ಪೆ ಸುಲಿದು ಹೋಳು ಮಾಡಿದ ಕೈ, ಮತ್ತು ಆಲೂಗೆಡ್ಡೆ. ಮನುಷ್ಯರ ಮೂಗಿನಲ್ಲೂ ಚರ್ಮದಲ್ಲೂ ಇರುವ ಸ್ಟೆಫಿಲೊಕಾಕಸ್ ಕೈಯಿಂದ ಹೋಳಿಗೆ ಹಾಯುತ್ತದೆ. ತೇವ, ಪಿಷ್ಟ, ಕಡಿಮೆ ಹುಳಿ ಇರುವ ಬೆಚ್ಚನೆಯ ಹೋಳು ಅದಕ್ಕೆ ಹಬ್ಬದೂಟ.

ಆಲೂಗೆಡ್ಡೆ ಮಣ್ಣಿನಲ್ಲಿ ಬೆಳೆಯುವ ಪದಾರ್ಥ. ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಗಳು ಇರುವುದೂ ಮಣ್ಣಿನಲ್ಲೇ. 2015ರ ಏಪ್ರಿಲ್‌ನಲ್ಲಿ ಒಹಾಯೊ ರಾಜ್ಯದ ಲ್ಯಾಂಕಾಸ್ಟರಿನ ಚರ್ಚೊಂದರಲ್ಲಿ 77 ಜನ ಸೇರಿದ್ದ ಕೂಡೂಟದ ನಂತರ 29 ಮಂದಿ ಬೊಟುಲಿಸಂಗೆ ತುತ್ತಾದರು, ಒಬ್ಬರು ತೀರಿಕೊಂಡರು. ತನಿಖೆ ಕೊನೆಗೆ ಬಂದು ನಿಂತದ್ದು ಪೊಟ್ಯಾಟೊ ಸಲಾಡಿನ ಮುಂದೆ. ಮೇಯೊನೇಸ್ ಅಲ್ಲಿಯೂ ನಿರ್ದೋಷಿ. ಆಲೂಗೆಡ್ಡೆಯನ್ನು ಮನೆಯಲ್ಲೇ ಬಾಟಲಿಗೆ ತುಂಬಿ, ಒತ್ತಡದ ಪಾತ್ರೆಯಲ್ಲಿಡದೆ ಬರೀ ಕುದಿನೀರಿನಲ್ಲಿ ಕಾಯಿಸಿ ಮುಚ್ಚಿಟ್ಟಿದ್ದರು. 100 ಡಿಗ್ರಿಗೆ ಈ ಬೀಜಕಗಳು ಸಾಯುವುದಿಲ್ಲ. ಗಾಳಿಯಿಲ್ಲದ, ಹುಳಿಯಿಲ್ಲದ ಬಾಟಲಿಯಲ್ಲಿ ಅವು ಮೊಳೆತು ವಿಷ ಮಾಡಿದವು. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಅವು ಬೆಳೆಯಲಾರವು. ಗೆಡ್ಡೆಯದು ಆರರ ಹತ್ತಿರ.

ದಿನದ ದಿನ ಬೇಯಿಸಿ ಮಾಡುವವರಿಗೆ ಈ ಭಯ ಬೇಡ, ಗಡಿಯಾರದ ಭಯ ಇರಲಿ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳು ಚುರುಕು. ಆಳದ ಪಾತ್ರೆಯಲ್ಲಿ ತುಂಬಿ ಫ್ರಿಜ್ಜಿಗೆ ತಳ್ಳಿದರೆ ಅಂಚು ತಣಿದರೂ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ. ಅಗಲದ ತಟ್ಟೆ ಇಲ್ಲಿ ರುಚಿಗಲ್ಲ, ಪ್ರಾಣಕ್ಕೆ. ಮೇಜಿನ ಮೇಲೆ ಎರಡು ಗಂಟೆ, 32 ಡಿಗ್ರಿ ದಾಟಿದ ಬಿಸಿಲಲ್ಲಿ ಒಂದೇ ಗಂಟೆ ಎಂಬುದು ಅಮೆರಿಕದ ಕೃಷಿ ಇಲಾಖೆಯ ನಿಯಮ. ಏಪ್ರಿಲ್‌ನ ರಾಯಚೂರಿನಲ್ಲಿ ಕೂಟವಾದರೆ ಆ ಒಂದು ಗಂಟೆಯೂ ಉದಾರವೇ.

ಆರಿದ ಆಲೂಗೆಡ್ಡೆಯಿಂದ ಒಂದು ಲಾಭವೂ ಇದೆ. ಮತ್ತೆ ಹೆಣೆದುಕೊಂಡ ಪಿಷ್ಟದ ಒಂದು ಪಾಲು ಸಣ್ಣಕರುಳಿನಲ್ಲಿ ಜೀರ್ಣವಾಗದೆ ನಾರಿನಂತೆ ಮುಂದೆ ಸಾಗುತ್ತದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ತಣ್ಣಗಿಟ್ಟು ವಿನೆಗರ್ ಬೆರೆಸಿದ ಆಲೂಗೆಡ್ಡೆ ತಿಂದವರ ರಕ್ತದ ಸಕ್ಕರೆ, ಆಗತಾನೆ ಬೆಂದದ್ದನ್ನು ತಿಂದಾಗಿನದಕ್ಕಿಂತ ಗಣನೀಯವಾಗಿ ಕಡಿಮೆ ಏರಿತ್ತು. ಪಾಲ್ಗೊಂಡವರು 13 ಮಂದಿ, ಎಲ್ಲ ಆರೋಗ್ಯವಂತರು. ಮಧುಮೇಹದವರು ಇದನ್ನು ಓದಿ ಬೋಗುಣಿ ಎಳೆದುಕೊಳ್ಳುವ ಮುನ್ನ ಮೇಯೊನೇಸಿನ ಎಣ್ಣೆಯ ಪಾಲನ್ನೂ ನೆನೆಯುವುದು ಒಳ್ಳೆಯದು.

ಜುಲೈನ ಮಧ್ಯಾಹ್ನ ಆ ಬೋಗುಣಿ ಐಸು ತುಂಬಿದ ಇನ್ನೊಂದು ದೊಡ್ಡ ಬೋಗುಣಿಯೊಳಗೆ ಕೂತಿರುತ್ತದೆ. ಮಾಡಿದಾಕೆ ದೂರದ ಕುರ್ಚಿಯಿಂದಲೇ ಅದರ ಮೇಲೆ ಒಂದು ಕಣ್ಣಿಟ್ಟಿರುತ್ತಾಳೆ. ಒಂದು ಗಂಟೆ ಆಗುತ್ತಿದ್ದಂತೆ ಎದ್ದು ಬಂದು ಮುಚ್ಚಳ ಹಾಕಿ ಒಳಗೆ ಒಯ್ಯುತ್ತಾಳೆ. ಎರಡನೇ ಸಲ ಬಡಿಸಿಕೊಳ್ಳಲು ತಟ್ಟೆ ಹಿಡಿದು ಬಂದವರು ಗೊಣಗುತ್ತಾರೆ. ಆಕೆ ತಿರುಗಿಯೂ ನೋಡುವುದಿಲ್ಲ.