ಬಳ್ಳಾರಿ ಜಾಲಿಯೂ ಗರಗಸದ ಹಲ್ಲೂ

ಯಲಬುರ್ಗಾ ಕಡೆಯ ಹೊಲವೊಂದರ ಬದುವಿನಲ್ಲಿ ಬಳ್ಳಾರಿ ಜಾಲಿ ಕಡಿಯುತ್ತಿದ್ದರು. ಮರದಿಂದ ಉದುರುತ್ತಿದ್ದದ್ದು ಚಕ್ಕೆಯಲ್ಲ, ಹಿಟ್ಟು. ಗಿರಣಿಯಿಂದ ಬಂದಂಥ ನುಣ್ಣನೆಯ ಕಂದು ಹಿಟ್ಟು. ಚೈನ್ ಸಾ ಹಿಡಿದ ಹುಡುಗ ಮೈಭಾರವನ್ನೆಲ್ಲ ಹಾಕಿ ಒತ್ತುತ್ತಿದ್ದ, ಸೀಳಿನಿಂದ ಹೊಗೆ ಬರುತ್ತಿತ್ತು. ನೆರಳಲ್ಲಿ ಕೂತಿದ್ದ ಹಿರಿಯರೊಬ್ಬರು ಕೂಗಿ ಹೇಳಿದರು: "ನಿಂದರ್ಸೋ ತಮ್ಮಾ! ಕೊಯ್ಯೂದು ಮಷಿನ್ ಕೆಲಸ, ನಿಂದಲ್ಲ. ಹಲ್ಲು ಹೋಗ್ಯಾವ, ಮೊದ್ಲ ಕಾನಸು ಹಾಕು."

ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾವ ಕೈಪಿಡಿಯಲ್ಲೂ ಸಿಕ್ಕಿಲ್ಲ. ಹರಿತವಾದ ಚೈನು ಕಂಡರೆ ಹೆದರುವ ನಾವು ಮೊಂಡು ಚೈನಿಗೆ ಹೆದರುವುದಿಲ್ಲ. ಹೆದರಬೇಕಾದದ್ದು ಅದಕ್ಕೇ. ಹಲ್ಲು ಹರಿತವಿದ್ದರೆ ಮಷಿನ್ ತಾನಾಗಿ ಮರದೊಳಗೆ ಇಳಿಯುತ್ತದೆ. ಮೊಂಡಾದರೆ ಒತ್ತಬೇಕು, ಒತ್ತಿ ಒತ್ತಿ ತೋಳು ಸೋಲುತ್ತದೆ, ಸೋತ ಕೈ ಎಲ್ಲೋ ಒಂದು ಕಡೆ ಜಾರುತ್ತದೆ.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಈ ಮಷಿನ್ನಿಗೆ ಕೈತುಂಬ ಕೆಲಸ ಕೊಟ್ಟಿರುವುದು ಜಾಲಿಯೇ. ಅಮೆರಿಕ ಖಂಡದ ಈ ಗಿಡ 19ನೇ ಶತಮಾನದ ಕೊನೆಯ ಹೊತ್ತಿಗೆ ಕಡಪದ ಸೀಮೆಗೆ ಬಂದು, ಆಮೇಲೆ ಕೆರೆ, ಹಳ್ಳ, ಗೋಮಾಳ ಯಾವುದನ್ನೂ ಬಿಡಲಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳ್ತನದಲ್ಲಿ ಜನ ಹಿರೇಹಳ್ಳವನ್ನು 20 ಕಿ.ಮೀ.ಗೂ ಹೆಚ್ಚು ಉದ್ದ ಸ್ವಚ್ಛಗೊಳಿಸಿದಾಗ ಜಾಲಿ ಎಷ್ಟು ಬೇರೂರಿದೆ ಎಂಬುದು ಎಲ್ಲರ ಕಣ್ಣಿಗೂ ಬಿತ್ತು. ಹಳ್ಳಕ್ಕೆ ಜೆಸಿಬಿ ಇಳಿಯುತ್ತದೆ. ಹೊಲದ ಬದು, ಬಾವಿಯ ದಂಡೆ, ಮನೆಯ ಹಿತ್ತಲಿಗೆ ಚೈನ್ ಸಾ ಬೇಕು. (ಬರೀ ಕಡಿದರೆ ಜಾಲಿ ಸಾಯುವುದಿಲ್ಲ, ಬುಡದಿಂದ ಮತ್ತೆ ಚಿಗುರುತ್ತದೆ. ಆ ಜಗಳ ಬೇರೆ.)

ಈ ಮರವೂ ಸಾಮಾನ್ಯದ್ದಲ್ಲ. ಒಂದೇ ಬುಡದಿಂದ ನಾಲ್ಕಾರು ಕಾಂಡ, ಸೊಟ್ಟ ಮೈ, ಗಟ್ಟಿ ತಿರುಳು, ತೊಗಟೆಯ ಬಿರುಕಿನಲ್ಲೆಲ್ಲ ಮಣ್ಣು. ಆ ಮಣ್ಣೇ ಚೈನಿನ ಶತ್ರು. ಓಡುವ ಚೈನು ಒಮ್ಮೆ ನೆಲ ಮುಟ್ಟಿದರೆ ಸಾಕು, ಬೆಳಿಗ್ಗೆ ಕೂರಿಸಿದ ಹರಿತ ಹೋಯಿತು. ಮೊದಲು ಕುಡಗೋಲಿನಿಂದ ಮುಳ್ಳು ಸವರಿ, ಬುಡದ ಮಣ್ಣು ಕೆರೆದು, ನೆಲದಿಂದ ಒಂದು ಗೇಣು ಮೇಲೆ ಕೊಯ್ಯುವುದು ಜಾಣತನ. ಬೇಲಿಯ ಮರವಾದರೆ ತೊಗಟೆ ನುಂಗಿದ ಮುಳ್ಳುತಂತಿ ಇದೆಯೇ ನೋಡಬೇಕು. ಊರ ಮುಂದಿನ ಬೇವಾದರೆ ಬೋರ್ಡು, ಬ್ಯಾನರ್ ಹೊಡೆದ ಮೊಳೆಗಳನ್ನು ಹುಡುಕಬೇಕು. ಬಾಗಿ ಸಿಕ್ಕಿಕೊಂಡ ಕೊಂಬೆ ಎಳೆದ ಬಿಲ್ಲಿದ್ದಂತೆ. ಅದರ ಹೊರಬಾಗಿನ ಕಡೆ ನಿಂತು ಕೊಯ್ದವನ ಮುಖಕ್ಕೇ ಅದು ಬಡಿಯುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಮಷಿನ್ ಒದೆಯುವುದು. ಚೈನು ಸುತ್ತುವ ಪಟ್ಟಿಯ, ಅಂದರೆ ಬಾರಿನ ತುದಿಯ ಮೇಲರ್ಧ ಇನ್ನೊಂದು ಕಾಂಡಕ್ಕೆ ತಾಗಿತೆನ್ನಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬಾರು ಮೇಲೆದ್ದು ಹಿಡಿದವನ ಮುಖ, ಕುತ್ತಿಗೆಯತ್ತ ತಿರುಗುತ್ತದೆ. ನಾಲ್ಕಾರು ಕಾಂಡದ ಜಾಲಿಯಲ್ಲಿ ತುದಿ ಇನ್ನೊಂದಕ್ಕೆ ತಾಗದಿರುವುದೇ ಅಪರೂಪ. ಮುಂದಿನ ಹಿಡಿಯ ಎದುರಿಗಿರುವ ಚೈನ್ ಬ್ರೇಕು ಇರುವುದು ಈ ಗಳಿಗೆಗಾಗಿಯೇ. ಅಡ್ಡ ಬರುತ್ತದೆಂದು ಅದನ್ನು ಬಿಚ್ಚಿಟ್ಟವರನ್ನು ನಾನು ಕಂಡಿದ್ದೇನೆ. ಎಡಗೈ ಹೆಬ್ಬೆರಳು ಹಿಡಿಯ ಸುತ್ತ ಬಿಗಿಯಾಗಿರಲಿ. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯುವುದು, ಏಣಿ ಹತ್ತಿ ಕೊಯ್ಯುವುದು ಬೇಡವೇ ಬೇಡ. ಹೆಗಲ ಮೇಲಿನ ಟವೆಲ್ಲು, ಲುಂಗಿ, ಹವಾಯಿ ಚಪ್ಪಲಿ ಮನೆಯಲ್ಲಿರಲಿ. 40 ಡಿಗ್ರಿ ಬಿಸಿಲಲ್ಲಿ ಹೆಲ್ಮೆಟ್, ಬೂಟು ಯಾರು ಹಾಕುತ್ತಾರೆ ಎನ್ನುತ್ತಾರೆ. ಬಿಸಿಲು ತಡೆಯದಿದ್ದರೆ ಬೆಳಿಗ್ಗೆ ಬೇಗ ಶುರುಮಾಡಿ, ಹತ್ತಕ್ಕೆ ನಿಲ್ಲಿಸಿ. ಕಣ್ಣು, ಕಿವಿಗೆ ರಕ್ಷಣೆಯಂತೂ ಇರಲೇಬೇಕು. ಈ ಸದ್ದು 100 ಡೆಸಿಬಲ್ ದಾಟುತ್ತದೆ.

ಇನ್ನು ಹಲ್ಲು ಹರಿತ ಮಾಡುವ ಕಾನಸಿನ ಮಾತು. ಅಮೆರಿಕದ ಒರೆಗಾನ್‌ನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ 1946ರಲ್ಲಿ ಮರ ಕೊರೆಯುವ ಹುಳು ಅತ್ತಿತ್ತ ದವಡೆಯಾಡಿಸಿ ತಿನ್ನುವುದನ್ನು ನೋಡಿ ಈಗಿನ ಹಲ್ಲಿನ ಆಕಾರ ಕಂಡುಕೊಂಡ. ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಇರುವುದು ಅದಕ್ಕೇ. ಎಲ್ಲ ಕಾನಸೂ ಎಲ್ಲ ಚೈನಿಗೆ ಆಗುವುದಿಲ್ಲ. ಸಣ್ಣ ಚೈನಿಗೆ 4 ಮಿ.ಮೀ., ದೊಡ್ಡದಕ್ಕೆ 4.8 ಅಥವಾ 5.2 ಮಿ.ಮೀ. ದುಂಡು ಕಾನಸು, ನಿಮ್ಮದಕ್ಕೆ ಯಾವುದೆಂದು ಕೈಪಿಡಿಯಲ್ಲಿರುತ್ತದೆ. ಬಹುಪಾಲು ಚೈನಿಗೆ 30 ಡಿಗ್ರಿ ಓರೆ, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು, ಹಿಂದಕ್ಕೆ ಎಳೆಯುವಾಗ ಎತ್ತಿಬಿಡಬೇಕು. ಪ್ರತಿ ಹಲ್ಲಿಗೂ ಅಷ್ಟಷ್ಟೇ ಸಲ. ಒಂದು ಬದಿಗೆ ಹೆಚ್ಚು ತಿಕ್ಕಿದರೆ ಮಷಿನ್ ವಾಲಿ ಕೊಯ್ಯುತ್ತದೆ. ಹಲ್ಲಿನ ಮುಂದಿರುವ ಗಿಡ್ಡ ಗುಬಟು ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಬೇಗ ಕೊಯ್ಯಲಿ ಎಂದು ಅದನ್ನು ಜಾಸ್ತಿ ತೇಯ್ದರೆ ಒದೆತವೂ ಜಾಸ್ತಿ.

ಚೈನಿಗೆ ಬೈಕಿನ ಹಳೇ ಎಂಜಿನ್ ಆಯಿಲ್ ಸುರಿಯುವುದು ನಮ್ಮಲ್ಲಿ ರೂಢಿ. ಅದರೊಳಗಿನ ಲೋಹದ ಪುಡಿ ಪಂಪನ್ನೂ ಬಾರನ್ನೂ ತಿನ್ನುತ್ತದೆ. ಉಳಿಸಿದ ದುಡ್ಡು ರಿಪೇರಿಯಲ್ಲಿ ಹೋಗುತ್ತದೆ. ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸುವಾಗ ಕೈಯಂದಾಜು ಬೇಡ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದಿದ್ದರೆ 40 ಮಿ.ಲೀ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ತೇವ ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬೊರೇಟರ್ ಹಾಳು. ಕುಷ್ಟಗಿಯ ಬೇಸಿಗೆ ಧೂಳಿನಲ್ಲಿ ಏರ್ ಫಿಲ್ಟರನ್ನು ದಿನಾ ಸಂಜೆ ಬಿಚ್ಚಿ ಕೊಡವಬೇಕು. ಕಾದ ಮಷಿನ್ನನ್ನು ಒಣ ಜೋಳದ ದಂಟಿನ ಮೇಲೆ ಇಡಬೇಡಿ, ಬಣವೆ ಪಕ್ಕದಲ್ಲಿ ಪೆಟ್ರೋಲ್ ತುಂಬಬೇಡಿ.

ಗಂಗಾವತಿ ಕಡೆ ಗಾಳಿಮಳೆಗೆ ರಸ್ತೆಗೆ ಬಿದ್ದ ಮರಗಳದ್ದು ಇನ್ನೊಂದು ಪಾಡು. ತಂತಿಯ ಮೇಲೆ ಬಿದ್ದ ಮರವನ್ನು ಜೆಸ್ಕಾಂನವರು ಬಂದು ಕರೆಂಟ್ ತೆಗೆದೆವು ಎನ್ನುವವರೆಗೆ ಮುಟ್ಟಬಾರದು. ನಿಂತ ಬೇವು, ಹುಣಸೆಯಾದರೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲು ಕೇಳಿಕೊಳ್ಳಿ.

ಬಾಡಿಗೆಗೆ ತರುವವರು ಅಂಗಡಿಯ ಮುಂದೆಯೇ ಎರಡು ಪರೀಕ್ಷೆ ಮಾಡಿ. ಮಷಿನ್ ಆರಿದ್ದಾಗ ಬಾರಿನ ನಡುವೆ ಚೈನನ್ನು ಎತ್ತಿ ಬಿಡಿ, ಪಟ್ಟನೆ ಜಾಗಕ್ಕೆ ಕೂರಬೇಕು. ಆಮೇಲೆ ನೆಲದ ಮೇಲಿಟ್ಟು, ಬ್ರೇಕ್ ಹಾಕಿ, ಹಿಂದಿನ ಹಿಡಿಯನ್ನು ಪಾದದಲ್ಲಿ ಒತ್ತಿ ಸ್ಟಾರ್ಟ್ ಮಾಡಿ. ಬ್ರೇಕ್ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ನೋಡಿ. ಚೈನು ನಿಂತೇ ಇರಬೇಕು. ತಿರುಗುತ್ತಿದ್ದರೆ ಮಷಿನ್ ಅಲ್ಲೇ ವಾಪಸ್ ಕೊಟ್ಟು ಬನ್ನಿ.