ಟ್ರೇಲರ್‌ಗೂ ಇರಲಿ ಒಂದು ಬ್ರೇಕು

ಕಬ್ಬು ನುರಿಸುವ ಹಂಗಾಮು ಶುರುವಾದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳು ಟ್ರ್ಯಾಕ್ಟರ್‌ಗಳ ಪಾಲಾಗುತ್ತವೆ. ಕೊಳವಿ, ಪ್ರಭಾನಗರ, ಹುಣಶ್ಯಾಳ, ಬೆಲ್ಲದ ಬಾಗೇವಾಡಿ, ಸಂಕೇಶ್ವರ: ಎತ್ತ ಹೊರಟರೂ ಒಂದು ಸಕ್ಕರೆ ಕಾರ್ಖಾನೆ, ಅದರ ಯಾರ್ಡಿನವರೆಗೆ ಹಬ್ಬಿದ ಸಾಲು. ಮುಂದೆ ಒಂದು ಎಂಜಿನ್, ಹಿಂದೆ ಎರಡು ಟ್ರೇಲರ್, ಅವುಗಳ ಅಂಚು ಮೀರಿ ಚಾಚಿದ ಕಬ್ಬು. ಅಲಂಕಾರಕ್ಕೆ ಕೊರತೆಯಿಲ್ಲ. ಬಣ್ಣದ ದೀಪ, ದೇವರ ಹೆಸರು, ಎದೆ ನಡುಗಿಸುವ ಸ್ಪೀಕರು, ಎಲ್ಲವೂ ಉಂಟು. ಬಹುತೇಕ ಟ್ರೇಲರ್‌ಗಳಲ್ಲಿ ಇಲ್ಲದ್ದು ಒಂದೇ, ಸ್ವಂತ ಬ್ರೇಕು.

ಹಾಗಾದರೆ ಇಷ್ಟು ಭಾರ ನಿಲ್ಲುವುದು ಹೇಗೆ? ಟ್ರ್ಯಾಕ್ಟರ್‌ನ ಎರಡು ಹಿಂಗಾಲಿಗಳ ಬ್ರೇಕಿನಿಂದ ಮಾತ್ರ. ಎಂಜಿನ್ನಿನ, ಅಂದರೆ ಟ್ರ್ಯಾಕ್ಟರ್‌ನ, ತೂಕ 2 ಟನ್, ಟ್ರೇಲರ್‌ಗಳೂ ಕಬ್ಬೂ ಸೇರಿ 20 ಟನ್ ಎಂದಿಟ್ಟುಕೊಳ್ಳೋಣ. ಬ್ರೇಕಿರುವ ಹಿಂಗಾಲಿಗಳ ಮೇಲೆ ಬೀಳುವ ಭಾರ ಒಂದೂವರೆ ಟನ್ನೂ ಆಗುವುದಿಲ್ಲ. ಗಾಲಿ ಡಾಂಬರನ್ನು ಕಚ್ಚಿ ಹಿಡಿಯುವ ಬಲ ಆ ಭಾರವನ್ನು ಮೀರಲಾರದು. ಗಂಟೆಗೆ 30 ಕಿ.ಮೀ. ವೇಗದಲ್ಲಿ, ಒಣ ಸಪಾಟು ರಸ್ತೆಯಲ್ಲಿ ಪೂರ್ತಿ ಬ್ರೇಕ್ ತುಳಿದರೂ ಈ ಗಾಡಿ ನಿಲ್ಲುವ ಹೊತ್ತಿಗೆ 50–60 ಮೀಟರ್ ದಾಟಿರುತ್ತದೆ. ಎಲ್ಲ ಗಾಲಿಗೂ ಬ್ರೇಕಿದ್ದರೆ ಇದೇ ಗಾಡಿ 15 ಮೀಟರ್ ಒಳಗೆ ನಿಂತೀತು. ಇನ್ನು 100 ಮೀಟರಿಗೆ 5 ಮೀಟರ್ ಇಳಿಯುವ ರಸ್ತೆಯಾದರೆ ನಿಲ್ಲುವುದೇ ಅನುಮಾನ. ಬೆಳಗಾವಿ–ಸಂಕೇಶ್ವರ ಹೆದ್ದಾರಿಯ ವಂಟಮೂರಿ ಘಾಟಿಯನ್ನು ಬಲ್ಲವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ಪಳಗಿದ ಚಾಲಕರು ಇಳಿಜಾರಿಗೆ ಮೊದಲೇ ಕೆಳಗಿನ ಗೇರಿಗೆ ಬಂದು ಎಂಜಿನ್ ಮೇಲೆಯೇ ಭಾರ ತಡೆಯುತ್ತಾರೆ. ಟ್ರ್ಯಾಕ್ಟರ್‌ಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಪೆಡಲ್ ಇರುವುದು ಹೊಲದಲ್ಲಿ ಗಕ್ಕನೆ ತಿರುಗಿಸಲಿಕ್ಕೆ. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸಿ ಕೊಂಡಿ ಹಾಕಬೇಕು. ಮರೆತರೆ ಒಂದೇ ಬದಿ ಬ್ರೇಕ್ ಹಿಡಿದು ಎಂಜಿನ್ ಅಡ್ಡಡ್ಡ ತಿರುಗುತ್ತದೆ, ಹಿಂದಿನ ಟ್ರೇಲರ್ ಅದನ್ನು ಮಗುಚುವವರೆಗೆ ನೂಕುತ್ತದೆ.

ಈ ತೊಡಕಿಗೆ ಅಮೆರಿಕದಲ್ಲಿ ಕಳೆದ ಶತಮಾನದ ಮೊದಲರ್ಧದಲ್ಲೇ ಬಳಕೆಗೆ ಬಂದ ಉತ್ತರ ವಿದ್ಯುತ್ ಬ್ರೇಕು. ಅಲ್ಲಿ ಕುದುರೆ ಸಾಗಿಸುವ ಟ್ರೇಲರ್, ಮನೆಯಂಥ ಕ್ಯಾರವಾನ್ ಎರಡಕ್ಕೂ ಅದು ಮಾಮೂಲು. ನಮ್ಮ ಟ್ರ್ಯಾಕ್ಟರ್‌ಗಳೂ 12 ವೋಲ್ಟಿನವೇ ಆದ್ದರಿಂದ ತತ್ವದಲ್ಲಿ ಇಲ್ಲಿಗೂ ಹೊಂದುತ್ತದೆ. 1887ರಷ್ಟು ಹಿಂದೆಯೇ ಜಲಪಾತದಿಂದ ಕರೆಂಟ್ ತೆಗೆದ ಊರೆಂದು ಹೆಮ್ಮೆಪಡುವ ಗೋಕಾಕಕ್ಕೆ, 1969ರಿಂದ ತನ್ನದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ನಡೆಸುತ್ತಿರುವ ಹುಕ್ಕೇರಿಗೆ ವಯರು, ಸ್ವಿಚ್ಚು ಹೊಸದೇನಲ್ಲ.

ಡ್ರಮ್ ಬಿಚ್ಚಿ ನೋಡಿದರೆ ಒಳಗೆ ಎರಡು ಬ್ರೇಕ್ ಶೂ, ಒಂದು ಸ್ಪ್ರಿಂಗಿನ ಗುಂಪು, ಒಂದು ತೋಳು. ತೋಳಿನ ತುದಿಯಲ್ಲಿ ಅಂಗೈಯಗಲದ ವಿದ್ಯುತ್ ಅಯಸ್ಕಾಂತ. ಕರೆಂಟ್ ಹರಿದೊಡನೆ ಅಯಸ್ಕಾಂತ ತಿರುಗುತ್ತಿರುವ ಡ್ರಮ್ಮಿನ ಒಳಮೈಗೆ ಅಂಟಲು ಹೋಗುತ್ತದೆ. ಡ್ರಮ್ ಅದನ್ನು ತನ್ನ ಜೊತೆಗೆ ಎಳೆಯುತ್ತದೆ, ತೋಳು ಓರೆಯಾಗುತ್ತದೆ, ಶೂಗಳು ಅಗಲಗೊಂಡು ಡ್ರಮ್ಮಿಗೆ ಒತ್ತುತ್ತವೆ. ಅಂದರೆ ಬ್ರೇಕಿಗೆ ಬೇಕಾದ ಹೆಚ್ಚಿನ ಬಲವನ್ನು ಓಡುವ ಗಾಲಿಯೇ ಒದಗಿಸುತ್ತದೆ. ಕರೆಂಟ್ ಬರೀ ಸನ್ನೆ ಕೊಡುತ್ತದೆ. ಎಷ್ಟು ಕರೆಂಟ್ ಬಿಡಬೇಕೆಂಬುದನ್ನು ಚಾಲಕನ ಪಕ್ಕದ ಕಂಟ್ರೋಲರ್ ಪೆಟ್ಟಿಗೆ ನಿರ್ಧರಿಸುತ್ತದೆ. ಒಳ್ಳೆಯ ಕಂಟ್ರೋಲರ್, ಎಂಜಿನ್ ಎಷ್ಟು ಜೋರಾಗಿ ನಿಧಾನವಾಗುತ್ತಿದೆಯೋ ಅಷ್ಟೇ ಜೋರಾಗಿ ಟ್ರೇಲರನ್ನೂ ಹಿಡಿಯುತ್ತದೆ.

ಕೂಡಿಸುವ ಕೆಲಸ ಮುಕ್ಕಾಲು ಪಾಲು ವೆಲ್ಡಿಂಗ್ ಅಂಗಡಿಯದು. ಆಕ್ಸಲ್ಲಿನ ತುದಿಗೆ ತೂತು ಕೊರೆದ ಪಟ್ಟಿ, ಅಂದರೆ ಫ್ಲೇಂಜ್, ಬೆಸೆಯಬೇಕು. ಅದು ಕೂದಲೆಳೆಯಷ್ಟು ಓರೆಯಾದರೂ ಶೂ ಒಂದೇ ಕಡೆ ಸವೆಯುತ್ತದೆ. ಎಡದ ಬ್ರೇಕ್ ಎಡಕ್ಕೇ, ಬಲದ್ದು ಬಲಕ್ಕೇ. ಉದ್ದ ಲೈನಿಂಗಿನ ಶೂ ಗಾಡಿಯ ಹಿಂಬದಿಗೆ ಬರಬೇಕು. ಬೇರಿಂಗಿಗೆ ಗ್ರೀಸ್ ತುಂಬುವಾಗ ಲೈನಿಂಗಿಗೂ ಅಯಸ್ಕಾಂತಕ್ಕೂ ಒಂದು ಬೆರಳಿನ ಗುರುತೂ ತಾಕಕೂಡದು. ಡ್ರಮ್ ಹಾಕಿದ ಮೇಲೆ ಹಲ್ಲಿನ ಚಕ್ರ ತಿರುಗಿಸಿ ಶೂ ಬಿಗಿಗೊಳಿಸಿ, ಗಾಲಿ ಅಲುಗದಂತಾದಾಗ ತುಸು ಸಡಿಲಿಸಬೇಕು.

ಕೆಲಸ ಕೆಡುವುದು ಸಾಮಾನ್ಯವಾಗಿ ವಯರಿಂಗ್‌ನಲ್ಲಿ. ಅಯಸ್ಕಾಂತದ ಎರಡು ವಯರಿಗೆ ಪ್ಲಸ್ಸು ಮೈನಸ್ಸಿನ ಭೇದವಿಲ್ಲ, ಯಾವುದನ್ನು ಯಾವುದಕ್ಕೆ ಸೇರಿಸಿದರೂ ಸರಿ. ದೊಡ್ಡ ಡ್ರಮ್ಮಿನ ಒಂದು ಅಯಸ್ಕಾಂತ ಎಳೆಯುವುದು 3ರಿಂದ 4 ಆಂಪಿಯರ್. ನಾಲ್ಕು ಗಾಲಿಗೆ 15. ಮನೆಯ ಲೈಟಿಗೆ ಬಳಸುವ 1.5 ಚದರ ಮಿಲಿಮೀಟರ್ ವಯರನ್ನೇ 10 ಮೀಟರ್ ಉದ್ದಕ್ಕೆ ಎಳೆದರೆ ಹೋಗಿ ಬರುವ ದಾರಿಯಲ್ಲೇ ಮೂರೂವರೆ ವೋಲ್ಟ್ ಕಳೆದು, ಬ್ರೇಕಿಗೆ ಸಿಗುವುದು ಎಂಟೂವರೆ. 6 ಚದರ ಮಿಲಿಮೀಟರ್ ತಾಮ್ರದ ವಯರಾದರೆ ನಷ್ಟ ಒಂದು ವೋಲ್ಟಿನ ಒಳಗೆ. ಬೋರ್‌ವೆಲ್ ಮೋಟರಿಗೆ ಸಣ್ಣ ಕೇಬಲ್ ಹಾಕಿ ಸುಟ್ಟುಕೊಂಡವರಿಗೆ ಇದು ತಕ್ಷಣ ತಿಳಿಯುತ್ತದೆ. ಅರ್ಥಿಂಗನ್ನು ಕೊಂಡಿಯ ಪಿನ್ನಿಗೆ ಬಿಟ್ಟುಬಿಡುವಂತಿಲ್ಲ. ಮಣ್ಣು, ತುಕ್ಕು, ಗ್ರೀಸಿನ ನಡುವೆ ಅದು ಒಮ್ಮೆ ಕೂಡಿ ಒಮ್ಮೆ ಬಿಡುತ್ತದೆ. ಅದಕ್ಕೂ ಬೇರೆ ವಯರೇ ಬೇಕು.

ಇದರ ಜೊತೆಗೆ ಟ್ರೇಲರ್ ಮೇಲೊಂದು ಪುಟ್ಟ ಬ್ಯಾಟರಿ, ಒಂದು ಸ್ವಿಚ್ಚು. ಸ್ವಿಚ್ಚಿನ ಪಿನ್ನಿಗೆ ಕಟ್ಟಿದ ತಂತಿಯ ಇನ್ನೊಂದು ತುದಿ ಎಂಜಿನ್ನಿಗೆ. ಕೊಂಡಿ ಕಳಚಿ ಟ್ರೇಲರ್ ಬೇರೆಯಾದರೆ ಪಿನ್ ಕಿತ್ತುಬಂದು, ಬ್ಯಾಟರಿಯ ಕರೆಂಟ್ ತಾನಾಗಿ ಬ್ರೇಕ್ ಹಿಡಿಯುತ್ತದೆ. ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಬೆಲೆಯುಳ್ಳ ಭಾಗ ಇನ್ನೊಂದಿಲ್ಲ.

ಹಾಗೆಂದು ಅಮೆರಿಕದ ಕಿಟ್ ತರಿಸಿ ಬೋಲ್ಟ್ ಬಿಗಿದರೆ ಮುಗಿಯಿತು ಎಂದುಕೊಳ್ಳುವಂತಿಲ್ಲ. ಅಲ್ಲಿನ ಮಾಮೂಲಿ 12 ಅಂಗುಲದ ಬ್ರೇಕು ಒಂದು ಆಕ್ಸಲ್ಲಿಗೆ ಸುಮಾರು 3 ಟನ್ ಭಾರಕ್ಕೆ ಮಾಡಿದ್ದು. ಕಬ್ಬಿನ ಟ್ರೇಲರ್‌ನ ಆಕ್ಸಲ್ ಹೊರುವುದು ಅದಕ್ಕಿಂತ ಬಹಳ ಹೆಚ್ಚು, ಅದಕ್ಕೆ ಅಗಲ ಶೂಗಳ ದೊಡ್ಡ ಬ್ರೇಕೇ ಬೇಕು. ಎರಡು ಟ್ರೇಲರಿಗೆ ಎಂಟು ಅಯಸ್ಕಾಂತವಾದರೆ 30 ಆಂಪಿಯರ್, ಟ್ರ್ಯಾಕ್ಟರ್‌ನ ಆಲ್ಟರ್ನೇಟರ್‌ಗೆ ಅದು ಹೆಚ್ಚುಕಡಿಮೆ ಪೂರ್ತಿ ಹೊರೆ. ಗಾಲಿ ಹಿಂದಕ್ಕೆ ಉರುಳುವಾಗ ಈ ಬ್ರೇಕಿನ ಹಿಡಿತ ಕಡಿಮೆ, ಆದ್ದರಿಂದ ಏರಿನಲ್ಲಿ ನಿಂತುಬಿಟ್ಟ ಗಾಡಿಯ ಗಾಲಿಗೆ ಕಲ್ಲು ಕೊಡುವುದು ತಪ್ಪುವುದಿಲ್ಲ. ಕಬ್ಬಿನ ಗದ್ದೆಯ ಕೆಸರು, ವಯರಿಗೆ ಸಿಕ್ಕಿಕೊಳ್ಳುವ ರವದಿ, ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಮಳೆಯಲ್ಲಿ ನಿಲ್ಲುವ ಟ್ರೇಲರಿನ ತುಕ್ಕು ಬೇರೆ. ಟ್ರ್ಯಾಕ್ಟರ್‌ನ ಎಣ್ಣೆಯ ಒತ್ತಡದಿಂದಲೇ ನಡೆಯುವ ಹೈಡ್ರಾಲಿಕ್ ಬ್ರೇಕ್ ಇಲ್ಲಿನ ಮೆಕ್ಯಾನಿಕ್‌ಗಳ ಕೈಗೆ ಹೆಚ್ಚು ಒಗ್ಗೀತು, ಬಿಡಿಭಾಗವೂ ಹತ್ತಿರದಲ್ಲೇ ಸಿಕ್ಕೀತು. ಯಾವುದಾದರೂ ಸರಿ, ಒಂದಿರಬೇಕು. ಒಂದೇ ಟ್ರೇಲರಿಗೆ ಹಾಕಿಸುವಷ್ಟು ಹಣವಿದ್ದರೆ ಕೊನೆಯದಕ್ಕೆ ಹಾಕಿಸುವುದು ಜಾಣತನ. ಹಿಂದಿನದು ಹಿಡಿದು ನಿಂತರೆ ಸಾಲು ನೆಟ್ಟಗಿರುತ್ತದೆ, ಮುಂದಿನದನ್ನು ನೂಕುವುದಿಲ್ಲ.

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕೂತರು, ಸರ್ಕಾರ 3,300ಕ್ಕೆ ಒಪ್ಪಿಸಿತು. ಕಬ್ಬಿನ ದರದ ಬಗ್ಗೆ ನಾಡಿಗೆ ನಾಡೇ ಮಾತಾಡಿತು. ಆ ಕಬ್ಬು ಕಾರ್ಖಾನೆ ಸೇರುವ ಬಗೆಯ ಮಾತು ಮಾತ್ರ ಅಪಘಾತವಾದ ದಿನ ಎದ್ದು ಮರುದಿನ ಮಲಗುತ್ತದೆ. ಹಂಗಾಮಿಗೆ ಮುಂಚೆ ಸಾಗಾಣಿಕೆಯವರಿಗೆ ಮುಂಗಡ ಕೊಡುವುದು ಕಾರ್ಖಾನೆಗಳೇ. ಕರಾರಿನ ಕಾಗದದಲ್ಲಿ ಟ್ರೇಲರಿಗೆ ಬ್ರೇಕಿರಬೇಕೆಂಬ ಒಂದು ಸಾಲು ಸೇರಿಸಿ, ಅದರ ಖರ್ಚಿಗೆಂದು ಮುಂಗಡದಲ್ಲಿ ಒಂದಿಷ್ಟು ಹೆಚ್ಚಿಸಿದರೆ ಸಾಕು. ಮಳೆಗಾಲದಲ್ಲಿ ತಗಡು ಬದಲಿಸಲು, ಬಣ್ಣ ಬಳಿಯಲು ಟ್ರೇಲರ್‌ಗಳು ಹೇಗೂ ವೆಲ್ಡಿಂಗ್ ಅಂಗಡಿಗೆ ಬರುತ್ತವೆ. ಮುಂದಿನ ಹಂಗಾಮಿಗೆ ಬ್ರೇಕನ್ನೂ ಆಗಲೇ ಹಾಕಿಸಿ.